ಯಾತ್ರಿಕನಿಗೆ ನಿದ್ದೆ ಬಂದಾಗ

ಜಾನ್ ಬನ್ಯನ್‌ನ 'ದಿ ಪಿಲ್‌ಗ್ರಿಮ್ಸ್ ಪ್ರೋಗ್ರೆಸ್' 1847ರಲ್ಲಿ ಕನ್ನಡಕ್ಕೆ ಬಂದಾಗ ಅದಕ್ಕಿಟ್ಟ ಹೆಸರು 'ಯಾತ್ರಿಕನ ಸಂಚಾರ'. ಈ ಹೆಸರು ನನಗೆ ಮೂಲಕ್ಕಿಂತ ಇಷ್ಟ. ಪ್ರೋಗ್ರೆಸ್ ಅಂದ್ರೆ ಮುಂದಕ್ಕೆ ಹೋಗೋದು. ನಮ್ಮ ಆಫೀಸಿನ ಡ್ಯಾಶ್‌ಬೋರ್ಡ್‌ನಲ್ಲಿ ಹಸಿರು ಪಟ್ಟಿ ಎಡದಿಂದ ಬಲಕ್ಕೆ ತುಂಬ್ತಾ ಹೋಗುತ್ತಲ್ಲ, ಹಾಗೆ. ಸಂಚಾರಕ್ಕೆ ಅಂಥ ಖಾತ್ರಿ ಇಲ್ಲ. ಸ್ವಾಮಿಗಳು ಸಂಚಾರ ಹೊರಡ್ತಾರೆ, ರಾಗಕ್ಕೂ ಸಂಚಾರ ಇದೆ, ಸಿಲ್ಕ್ ಬೋರ್ಡ್ ಹತ್ತಿರ ಮುಕ್ಕಾಲು ಗಂಟೆ ಅಲ್ಲಾಡದೆ ನಿಂತಿರೋದಕ್ಕೂ ನಾವು ಸಂಚಾರ ಅಂತಲೇ ಹೆಸರಿಟ್ಟಿದ್ದೀವಿ. ಹೊರಟವನು ತಲುಪೇ ತಲುಪ್ತಾನೆ ಅಂತ ಆ ಪದ ಎಲ್ಲೂ ಮಾತು ಕೊಡೋದಿಲ್ಲ.

'ಯಾತ್ರಿಕ' ಅನ್ನೋ ಪದದ್ದು ಇನ್ನೊಂದು ಕತೆ. ಬಾಸೆಲ್ ಮಿಶನ್‌ನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದು ನೆಲೆ ನಿಂತರು. ಆ ಸೀಮೆಯ ಜನರಿಗೆ ಯಾತ್ರಿಕ ಅಂದಕೂಡಲೆ ಕಣ್ಣಿಗೆ ಬರ್ತಿದ್ದದ್ದು ಯಾರು? ಬೆನ್ನ ಮೇಲೆ ಪಾಪದ ಗಂಟು ಹೊತ್ತ ಇಂಗ್ಲೆಂಡಿನ ಒಂಟಿ ಮನುಷ್ಯ ಅಲ್ಲ. ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಚಕ್ಕಡಿ ಕಟ್ಟಿಕೊಂಡು, ಹಣೆ ತುಂಬ ಭಂಡಾರ ಹಚ್ಚಿಕೊಂಡು, ಉಧೋ ಉಧೋ ಅಂತ ಸವದತ್ತಿ ಎಲ್ಲಮ್ಮನ ಗುಡ್ಡದ ದಾರಿ ಹಿಡಿದ ಮಂದಿ. ಒಬ್ಬನೇ ಅಲ್ಲ, ಓಣಿಗೆ ಓಣಿಯೇ. ಅನುವಾದ ಮಾಡಿದವರಿಗೆ ಇದು ಹೊಳೆದಿತ್ತೋ ಇಲ್ಲವೋ, ಪುಸ್ತಕದ ಮೊದಲ ಪದದಲ್ಲೇ ಪಕ್ಕದ ಗುಡ್ಡದ ಧೂಳು ಹತ್ತಿಕೊಂಡಿದೆ.

ಸವದತ್ತಿಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದ ನನ್ನ ದೊಡ್ಡವ್ವ ಪ್ರತಿ ವರ್ಷ ತಪಸ್ಸು ಕಾಲದಲ್ಲಿ, ಅಂದ್ರೆ ಈಸ್ಟರ್‌ಗೆ ಮುಂಚಿನ ನಲವತ್ತು ದಿನ, ಬನ್ಯನ್‌ನನ್ನು ಮತ್ತೆ ಓದ್ತಾಳೆ. ಅವಳ ಪ್ರಕಾರ ಯಾತ್ರಿಕ ಅಂದ್ರೆ ಮೊದಲು ಕಾಲು. ಜಾತ್ರೆಯ ದಿನಗಳಲ್ಲಿ ಬೊಬ್ಬೆ ಎದ್ದ, ಹಿಮ್ಮಡಿ ಸೀಳಿದ ಕಾಲುಗಳಿಗೆ ಪಟ್ಟಿ ಕಟ್ಟೋದೇ ಅವಳ ಕೆಲಸವಾಗಿತ್ತು. "ಇಷ್ಟು ನಡದ್ರೂ ಇವನ ಕಾಲಿಗೆ ಏನೂ ಆಗಂಗಿಲ್ಲೇನ?" ಅಂತ ಒಮ್ಮೆ ಕೇಳಿದ್ಲು. ಆಗುತ್ತೆ. ಬನ್ಯನ್‌ನಿಗೂ ಕಾಲಿನ ಕತೆ ಗೊತ್ತಿತ್ತು. ದಾರಿ ಒರಟಾಗಿ ಅಂಗಾಲು ನೊಂದಾಗಲೇ ಅವನ ನಾಯಕ ಬೇಲಿಯಾಚೆಯ ಮೆತ್ತಗಿನ ಹುಲ್ಲುಗಾವಲಿಗೆ ಇಳಿಯೋದು, ಅದು ಅವನನ್ನು ಸಂಶಯದ ಕೋಟೆಯ ನೆಲಮಾಳಿಗೆಗೆ ಮುಟ್ಟಿಸೋದು.

ಪುಸ್ತಕ ಗೊತ್ತಿಲ್ಲದವರಿಗೆ ಎರಡು ಮಾತು. ಬನ್ಯನ್ ಪಾತ್ರೆ ರಿಪೇರಿ ಮಾಡುವ ಕಸುಬಿನವನು. ಅನುಮತಿ ಇಲ್ಲದೆ ಬೋಧನೆ ಮಾಡಿದ ಅಂತ 1660ರಿಂದ 1672ರವರೆಗೆ ಬೆಡ್‌ಫರ್ಡ್ ಜೈಲಿನಲ್ಲಿದ್ದ. ಇನ್ನು ಬೋಧಿಸೋದಿಲ್ಲ ಅಂತ ಒಂದು ಮಾತು ಕೊಟ್ಟಿದ್ದರೆ ಮನೆಗೆ ಹೋಗಬಹುದಿತ್ತು, ಕೊಡಲಿಲ್ಲ. ಪುಸ್ತಕದ ಮೊದಲ ಭಾಗ ಅಚ್ಚಾದದ್ದು 1678ರಲ್ಲಿ, ಎರಡನೇದು 1684ರಲ್ಲಿ. ಕ್ರೈಸ್ತ ಅನ್ನೋ ಹೆಸರಿನ ಒಬ್ಬ ಮನುಷ್ಯ ನಾಶದ ಪಟ್ಟಣ ಬಿಟ್ಟು ಸ್ವರ್ಗದ ಪಟ್ಟಣಕ್ಕೆ ನಡೆಯುವ ಕತೆ. ದಾರಿಯಲ್ಲಿ ಕೆಸರು, ಸಿಂಹ, ರಾಕ್ಷಸ, ಸಂತೆ ಎಲ್ಲ ಬರುತ್ತೆ. (ಪಾತ್ರಗಳ ಹೆಸರನ್ನು ಇಲ್ಲಿ ನನ್ನ ಅನುಕೂಲಕ್ಕೆ ನಾನೇ ಕನ್ನಡಿಸಿಕೊಂಡಿದ್ದೀನಿ.)

ಭಾನುವಾರ ಶಾಲೆಯಲ್ಲಿ ನಮಗೆಲ್ಲ ನೆನಪುಳಿದದ್ದು ರಾಕ್ಷಸ ಅಪೊಲ್ಲಿಯೋನ್ ಜೊತೆಗಿನ ಯುದ್ಧ ಮತ್ತು ಆ ಡಂಭದ ಸಂತೆ. ಈಗ ಓದಿದ್ರೆ ಅವೆರಡೂ ಅಷ್ಟು ಭಯ ಹುಟ್ಟಿಸೋದಿಲ್ಲ. ರಾಕ್ಷಸ ಎದುರಿಗೆ ಬಂದು ನಿಂತ ಅಂದ್ರೆ ಯಾರಾದ್ರೂ ಕತ್ತಿ ಹಿರೀತಾರೆ. ನನ್ನನ್ನು ಹಿಡಿದು ನಿಲ್ಲಿಸೋದು ಎರಡು ಸಪ್ಪೆ ಜಾಗಗಳು, ಏನೂ ನಡೆಯದ ಜಾಗಗಳು.

ಮೊದಲನೇದು ಕಷ್ಟದ ಗುಡ್ಡದ ನಡುವಿನ ಒಂದು ಚಪ್ಪರ. ದಣಿದ ಯಾತ್ರಿಕರಿಗಾಗಿ ಅದನ್ನು ಕಟ್ಟಿಸಿದವನು ಗುಡ್ಡದ ಒಡೆಯನೇ, ಅಂದ್ರೆ ದೇವರೇ. ಕ್ರೈಸ್ತ ಅಲ್ಲಿ ಕೂತು ತನಗೆ ಸಿಕ್ಕಿದ ಸುರುಳಿ ಓದ್ತಾನೆ, ತಾನು ಪಡೆದುಕೊಂಡ ಬಟ್ಟೆಯನ್ನು ನೋಡಿ ಖುಷಿಪಡ್ತಾನೆ, ನಿದ್ದೆ ಹೋಗ್ತಾನೆ. ಸುರುಳಿ ಕೈಯಿಂದ ಜಾರುತ್ತೆ. ಎದ್ದವನು ಅದಿಲ್ಲದೆಯೇ ಗುಡ್ಡ ಹತ್ತಿಬಿಡ್ತಾನೆ! ಹಿಂದಕ್ಕೆ ಓಡಿ ಬರೋರು ಸಿಕ್ಕಿ ಸಿಂಹದ ಭಯ ಹೇಳಿದಾಗಲೇ ಎದೆ ಮುಟ್ಟಿ ನೋಡಿಕೊಳ್ಳೋದು. ಇಲ್ಲಿ ಸೈತಾನ ಇಲ್ಲ, ಪ್ರಲೋಭನೆ ಇಲ್ಲ. ಒಳ್ಳೆ ಜಾಗ, ಒಳ್ಳೆ ಓದು, ಒಳ್ಳೆ ಬಟ್ಟೆ. ದೇವರು ಕೊಟ್ಟ ನೆರಳಲ್ಲೇ ದೇವರು ಕೊಟ್ಟದ್ದು ಕಳೆದುಹೋಯ್ತು ಅಂತ ಬರೆಯೋಕೆ, ಹನ್ನೆರಡು ವರ್ಷ ನೆರಳು ಬಿಸಿಲು ಎರಡೂ ಕಾಣದ ಜೈಲುವಾಸಿಯೇ ಬೇಕಾಗಿತ್ತು ಅನ್ಸುತ್ತೆ.

ಎರಡನೇದು ದಾರಿಯ ಕೊನೆಯಲ್ಲಿ ಬರುವ ಮಂಕು ಕವಿಸುವ ನೆಲ. ಗಾಳಿಯೇ ಅಲ್ಲಿ ಜೋಂಪು ತರಿಸುತ್ತೆ. ಗಮನಿಸಬೇಕಾದ್ದು ಅದರ ಜಾಗ. ಕೆಸರು, ಸಂತೆ, ಕೋಟೆ ಎಲ್ಲ ದಾಟಿ, ಕುರುಬರ ಬೆಟ್ಟದ ಮೇಲಿಂದ ಸ್ವರ್ಗದ ಬಾಗಿಲನ್ನು ದೂರದಿಂದ ಕಂಡೂ ಆದಮೇಲೆ ಅದು ಬರುತ್ತೆ. ಹೊಸದಾಗಿ ಹೊರಟವನಿಗೆ ಈ ಅಪಾಯ ಇಲ್ಲ. ಇದು ಸೀನಿಯರ್‌ಗಳ ಕಾಯಿಲೆ.

ನವಿಲುತೀರ್ಥದ ಕತೆ ಗೊತ್ತಿದ್ದವರಿಗೆ ಇದು ಬೇಗ ಅರ್ಥ ಆಗುತ್ತೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಸವದತ್ತಿಯ ಹತ್ತಿರ ಬಂದಾಗ ಅಡ್ಡಕ್ಕೆ ಗುಡ್ಡ. ಗುಡ್ಡದ ಮೇಲೆ ನವಿಲು. ಇನ್ನೆಲ್ಲಿಗೆ ಹೋಗ್ತೀಯಮ್ಮ ಅಂತ ನವಿಲುಗಳು ನಕ್ಕವಂತೆ. ಹೊಳೆಗೆ ಸಿಟ್ಟು ಬಂತು, ತಿರುಗಿ ಗುಡ್ಡವನ್ನೇ ಸೀಳಿಕೊಂಡು ಹೋಯಿತು, ನವಿಲುಗಳು ಸತ್ತವು ಅಂತ ಆ ಕಡೆ ಹೇಳ್ತಾರೆ. ಹೋಗಿ ನೋಡಿದ್ರೆ ಕತೆ ನಂಬೋಹಾಗೇ ಇದೆ. ಎರಡು ಬದಿಗೆ ನೆಟ್ಟಗೆ ನಿಂತ ಕಲ್ಲು, ನಡುವೆ ಇಕ್ಕಟ್ಟು. ಆ ಇಕ್ಕಟ್ಟು ಇದ್ದದ್ದಕ್ಕೇ ಅಲ್ಲಿ ಅಣೆಕಟ್ಟು ಕಟ್ಟಿದ್ದು. ತುಂಗಭದ್ರೆಯ ಕಟ್ಟೆ ಎರಡು ಕಿಲೋಮೀಟರ್‌ಗಿಂತ ಉದ್ದ. ಇಲ್ಲಿ ಸುಮಾರು 154 ಮೀಟರ್ ಗೋಡೆ 37.73 ಟಿಎಂಸಿ ನೀರನ್ನು ಹಿಡಿದು ನಿಲ್ಲಿಸುತ್ತೆ. ಆ ನೀರಿನ ಹೆಸರು ರೇಣುಕಾಸಾಗರ.

ಊರಿನ ಕತೆಯಲ್ಲಿ ಜನ ನೆನಪಿಡೋದು ಹೊಳೆಯ ಛಲವನ್ನು. ಭಾಷಣಕಾರರಿಗೆ ಅದು ಬೇಕು, ಅಡೆತಡೆ ಎದುರಿಸಿ ಮುನ್ನುಗ್ಗಿ ಅಂತ ಹೇಳೋಕೆ. ನನಗೆ ನವಿಲುಗಳ ಕಡೆಗೇ ಕಣ್ಣು. ಅವು ಯಾವ ಪಾಪವನ್ನೂ ಮಾಡಿರಲಿಲ್ಲ. ತಮ್ಮ ಗುಡ್ಡ ಗಟ್ಟಿ ಅಂತ ತಿಳಿದಿದ್ದವು, ಅದು ನಿಜವೂ ಆಗಿತ್ತು, ಕೆಳಗೆ ದಾರಿ ಹುಡುಕ್ತಾ ಇದ್ದವಳನ್ನು ನೋಡಿ ನಕ್ಕವು, ಅಷ್ಟೇ.

ನಮ್ಮಲ್ಲಿ ಈ ನಗು ಕೇಳಿಸುವ ಒಂದು ಜಾಗ ಇದೆ. ಎಲ್ಲಮ್ಮನ ಗುಡ್ಡದ ಹೆಸರು ಉತ್ತರ ಕರ್ನಾಟಕದ ಕ್ರೈಸ್ತರ ಪ್ರಸಂಗಗಳಲ್ಲಿ ಬಂದರೆ, ಬರೋದು ಒಂದೇ ಕೆಲಸಕ್ಕೆ: ಕತ್ತಲೆಗೆ ಉದಾಹರಣೆಯಾಗಿ. ದೇವದಾಸಿ ಪದ್ಧತಿ ಅಲ್ಲಿ ಹೆಣ್ಣುಮಕ್ಕಳ ಬಾಳು ಹಾಳು ಮಾಡಿದ್ದು ಸುಳ್ಳಲ್ಲ. ಅದನ್ನು ನಿಷೇಧಿಸಿ 1982ರಲ್ಲಿ ಕರ್ನಾಟಕ ಕಾಯ್ದೆ ಮಾಡಬೇಕಾಯ್ತು, ಕಾಯ್ದೆ ಆದಮೇಲೂ ಹೋರಾಟ ಮುಗೀಲಿಲ್ಲ. ಅದರ ಬಗ್ಗೆ ಮಾತಾಡಲೇಬೇಕು. ಆದ್ರೆ ಆ ಮಾತು ಪ್ರಸಂಗದಲ್ಲಿ ಮಾಡುವ ಕೆಲಸ ಏನು ನೋಡಿ. ಬೆಂಚಿನ ಮೇಲೆ ಕೂತವರಿಗೆ ಒಳಗೊಳಗೇ ಹಾಯೆನಿಸುತ್ತೆ, ಸದ್ಯ ನಾವು ಆ ಕಡೆ ಇಲ್ಲ ಅಂತ. ಅದೇ ಬೆಂಚಿನವರು ಮಗಳಿಗೆ ಗಂಡು ಹುಡುಕುವಾಗ ಕ್ರೈಸ್ತ ಅಂದರೆ ಸಾಲದು, ಮೊದಲು ಯಾವ ಜಾತಿಯಿಂದ ಬಂದವರು ಅಂತ ಮೆಲ್ಲಗೆ ವಿಚಾರಿಸ್ತಾರೆ. ಗುಡ್ಡದ ಮೇಲೆ ಕೂತು ನಗೋಕೆ ಗರಿ ಇರಲೇಬೇಕು ಅಂತೇನಿಲ್ಲ.

ಬೆಂಗಳೂರಿಗೆ ಬಂದ ನಮ್ಮ ತಲೆಮಾರಿನದು ಬೇರೆ ನಮೂನೆಯ ಚಪ್ಪರ. ಭಾನುವಾರದ ಆರಾಧನೆಯನ್ನು ಸೋಮವಾರ ಟ್ರೆಡ್‌ಮಿಲ್ ಮೇಲೆ ಒಂದೂವರೆ ಪಟ್ಟು ವೇಗದಲ್ಲಿ ನೋಡ್ತೀವಿ. ಪ್ರಸಂಗ ಕೇಳಿ ಹೊರಬಂದು, ಹೋಟೆಲ್ ಊಟಕ್ಕೆ ಹೇಳೋಹಾಗೆ "ಚೆನ್ನಾಗಿತ್ತು, ಸ್ವಲ್ಪ ಲೆಂಗ್ತಿ" ಅಂತೀವಿ. ನನ್ನ ಪರಿಚಯದ ಒಬ್ಬನಿಗೆ ಬೈಬಲ್ ಆ್ಯಪ್‌ನಲ್ಲಿ ಆರುನೂರು ದಿನ ದಾಟಿದ ಸ್ಟ್ರೀಕ್ ಇದೆ. ರಾತ್ರಿ 11 ಗಂಟೆ 58 ನಿಮಿಷಕ್ಕೆ ತೆಗೆದು, ಒಂದು ವಚನದ ಮೇಲೆ ಬೆರಳಾಡಿಸಿ, ಮುಚ್ಚಿ ಮಲಗ್ತಾನೆ. ಅವನನ್ನು ಆಡಿಕೊಳ್ತಾ ಇಲ್ಲ, ಸ್ಟ್ರೀಕ್ ಇರೋದು ಒಳ್ಳೇದೇ. ಸುರುಳಿ ಕೈಯಲ್ಲಿದೆ ಅಂತ ಆ್ಯಪ್ ಪ್ರತಿದಿನ ಹೇಳ್ತಾ ಇದ್ರೆ ಎದೆ ಮುಟ್ಟಿ ನೋಡಿಕೊಳ್ಳುವ ಪ್ರಮೇಯ ಬರೋದಿಲ್ಲವಲ್ಲ, ನನಗೆ ಇರುಸುಮುರುಸು ಅದರ ಬಗ್ಗೆ.

ಬನ್ಯನ್‌ನ ಪಾತ್ರಗಳಲ್ಲಿ ನಮಗೆ ಹತ್ತಿರದವನು ಒಬ್ಬನಿದ್ದಾನೆ, ಬೈ-ಎಂಡ್ಸ್. ಸ್ವಂತ ಲಾಭದ ಮೇಲೆ ಕಣ್ಣಿಟ್ಟವನು, ಮೃದುಭಾಷಿಗಳ ಊರಿನವನು. ಅವನು ನಾಸ್ತಿಕ ಅಲ್ಲ, ಧರ್ಮ ಅಂದ್ರೆ ಅವನಿಗೆ ಪ್ರೀತಿ. ಗಾಳಿಗೆ ಎದುರು ಹೋಗಬಾರದು ಅನ್ನೋದು ಒಂದು ಷರತ್ತು, ಧರ್ಮ ಬೆಳ್ಳಿಯ ಚಪ್ಪಲಿ ಹಾಕಿಕೊಂಡು ಬಿಸಿಲಲ್ಲಿ ಓಡಾಡ್ತಾ ಜನ ಚಪ್ಪಾಳೆ ತಟ್ತಾ ಇರಬೇಕು ಅನ್ನೋದು ಇನ್ನೊಂದು. ಹೊಸ ಕಾಲದ ಅಪಾರ್ಟ್‌ಮೆಂಟ್ ಭಕ್ತಿಯನ್ನು ಮುನ್ನೂರು ವರ್ಷ ಮೊದಲೇ ನೋಡಿಟ್ಟಿದ್ದ ಹಾಗಿದೆ ಆ ಪಾತ್ರೆ ರಿಪೇರಿಯವನು.

ಇದೆಲ್ಲ ಬನ್ಯನ್‌ಗೂ ಹಳೇದು. ಪ್ರಕಟನೆ ಪುಸ್ತಕದಲ್ಲಿ ಲವೊದಿಕೀಯ ಸಭೆಗೆ ಬರೆದ ಪತ್ರ ಇದೆ, ಬಿಸಿಯೂ ಅಲ್ಲದ ತಣ್ಣಗೂ ಅಲ್ಲದ ಸಭೆ ಅಂತ ಬೈಸಿಕೊಂಡದ್ದು. ನಾವು ಅದನ್ನು ಉತ್ಸಾಹದ ಟೆಂಪರೇಚರ್ ಅಂತ ಓದ್ತೀವಿ: ಜೋರಾಗಿ ಹಾಡು, ಕೈ ಎತ್ತು, ಬಿಸಿಯಾಗು. ಆ ಊರಿನ ನೀರಿನ ಕತೆ ಗೊತ್ತಾದ್ರೆ ಓದು ಬದಲಾಗುತ್ತೆ. ಈಗಿನ ಟರ್ಕಿಯಲ್ಲಿದೆ ಅದು. ಹತ್ತಿರದ ಹಿಯರಾಪೊಲಿಯಲ್ಲಿ ಬಿಸಿನೀರಿನ ಬುಗ್ಗೆ, ಮೈಕೈ ನೋವಿಗೆ ಒಳ್ಳೇದು. ಇನ್ನೊಂದು ಕಡೆ ಕೊಲೊಸ್ಸೆಯ ತಣ್ಣನೆ ನೀರು, ಕುಡಿಯೋಕೆ ಹಿತ. ಲವೊದಿಕೀಯಕ್ಕೆ ಕೊಳವೆಯಲ್ಲಿ ದೂರದಿಂದ ನೀರು ಬರ್ತಿತ್ತು. ಕೊಳವೆಗಳ ಒಳಗೆ ಕಟ್ಟಿದ ಸುಣ್ಣದ ಪದರ ಇವತ್ತಿಗೂ ಕಾಣುತ್ತೆ. ಕೆಲವು ವಿದ್ವಾಂಸರ ಪ್ರಕಾರ ಬೈಗುಳ ಭಾವೋದ್ರೇಕ ಕಮ್ಮಿ ಅಂತ ಅಲ್ಲ. ನಿಮ್ಮಿಂದ ನೋವಿದ್ದವನಿಗೂ ಉಪಯೋಗ ಇಲ್ಲ, ಬಾಯಾರಿದವನಿಗೂ ಇಲ್ಲ ಅಂತ. ನನಗೂ ಇದೇ ಸರಿ ಅನ್ಸುತ್ತೆ. ಆ ಊರು ಎಂಥ ಶ್ರೀಮಂತ ಊರು ಅಂದ್ರೆ, ಕ್ರಿ.ಶ. 60ರ ಭೂಕಂಪದಲ್ಲಿ ಬಿದ್ದಾಗ ರೋಮ್‌ನ ನೆರವಿಲ್ಲದೆ ತಾನೇ ಎದ್ದು ನಿಂತಿತು ಅಂತ ಟ್ಯಾಸಿಟಸ್ ಬರೆದಿದ್ದಾನೆ. ನಮಗೇನೂ ಬೇಕಾಗಿಲ್ಲ ಅನ್ನೋದು ಅವರ ಅಹಂಕಾರವಷ್ಟೇ ಆಗಿರಲಿಲ್ಲ, ಬ್ಯಾಲೆನ್ಸ್ ಶೀಟ್ ಕೂಡ ಅದನ್ನೇ ಹೇಳ್ತಿತ್ತು.

ನವಿಲುತೀರ್ಥದ ನೀರೂ ಕೊಳವೆಯಲ್ಲಿ ಹುಬ್ಬಳ್ಳಿ-ಧಾರವಾಡಕ್ಕೆ ಹೋಗುತ್ತೆ. ನಲ್ಲಿ ತಿರುಗಿಸುವಾಗ ಕಣಕುಂಬಿಯಲ್ಲಿ ಈ ವರ್ಷ ಮಳೆ ಹೇಗಿದೆ ಅಂತ ಯೋಚಿಸುವವರು ಎಷ್ಟು ಜನ? ನೀರು ನಿಂತ ದಿನ ಯೋಚಿಸ್ತಾರೆ. ನಮ್ಮ ಹಿರಿಯರ ನಂಬಿಕೆ ನಮ್ಮ ಮನೆಗೆ ಬಂದಿರೋದೂ ಹೆಚ್ಚುಕಮ್ಮಿ ಹೀಗೇ, ನಲ್ಲಿಯಲ್ಲಿ. ಅವರಿಗೆ ಅದು ಊರಿನ ಬಾವಿ, ಬಂಧುಬಳಗ, ಕೆಲವರಿಗೆ ಆಸ್ತಿಯ ಪಾಲನ್ನೂ ಕಳೆದಿತ್ತು. ನಮಗೆ ಬ್ಯಾಪ್ಟಿಸಮ್ ಸರ್ಟಿಫಿಕೇಟ್ ಜೊತೆ ಫ್ರೀ.

ಇಷ್ಟು ಹೊಗಳಿದ ಮೇಲೆ ಬನ್ಯನ್ ಮೇಲೆ ನನ್ನ ತಕರಾರೂ ಹೇಳಬೇಕು. ಮೈಮರೆವಿನ ವಿರುದ್ಧ ಬರೆದ ಈ ಪುಸ್ತಕವೇ ಓದುಗನನ್ನು ಮೈಮರೆಸುತ್ತೆ. ಪ್ರತಿ ಪಾತ್ರದ ಹಣೆಯ ಮೇಲೂ ಹೆಸರಿನ ಚೀಟಿ. ಬಾಯಿಬಡುಕ ಬಂದ, ಓದುಗನಿಗೆ ತಕ್ಷಣ ತನ್ನ ಚರ್ಚಿನ ಕಮಿಟಿಯ ಇಂಥವರು ಅಂತ ಗೊತ್ತಾಗುತ್ತೆ. ಮೊಂಡ, ಚಂಚಲ, ಲೋಕಜ್ಞಾನಿ ಎಲ್ಲರೂ ಪಕ್ಕದ ಬೆಂಚಿನವರೇ. ಮುನ್ನೂರೈವತ್ತು ವರ್ಷದಲ್ಲಿ ಈ ಪುಸ್ತಕ ಓದಿದ ಅಷ್ಟೂ ಜನ ತಾವು ಕ್ರೈಸ್ತ ಅಂದುಕೊಂಡೇ ಓದಿರ್ತಾರೆ. ತಾನೇ ಬಾಯಿಬಡುಕ ಅಂತ ಓದಿದವರು ಯಾರಾದ್ರೂ ಇದ್ದರೆ ನನಗೆ ಅವರನ್ನು ಭೇಟಿ ಆಗಬೇಕು. ಕಾದಂಬರಿ ಈ ತಪ್ಪು ಮಾಡೋದಿಲ್ಲ. ಒಳ್ಳೆ ಕಾದಂಬರಿಯಲ್ಲಿ ಕೆಟ್ಟವನ ಒಳಗೂ ನಮ್ಮನ್ನು ಅರ್ಧ ಗಂಟೆ ಕೂರಿಸ್ತಾರೆ. ಬನ್ಯನ್ ಕೂರಿಸೋದಿಲ್ಲ, ಚೀಟಿ ತೋರಿಸಿ ಮುಂದಕ್ಕೆ ಕಳಿಸ್ತಾನೆ. ಗುಡ್ಡದ ಮೇಲಿಂದ ನೋಡಿದ ಹಾಗೆ.

ಎರಡನೇ ಭಾಗದಲ್ಲಿ ಅವನು ಬದಲಾಗಿದ್ದಾನೆ ಅನ್ನೋದು ನನ್ನ ಓದು. ಮೊದಲ ಭಾಗದಲ್ಲಿ ಕ್ರೈಸ್ತ ಕಿವಿ ಮುಚ್ಚಿಕೊಂಡು ಹೆಂಡತಿ ಮಕ್ಕಳನ್ನು ಬಿಟ್ಟು ಓಡಿದ್ದ. ಈಗ ಆ ಹೆಂಡತಿ ಮಕ್ಕಳು ಹೊರಡ್ತಾರೆ, ಜೊತೆಗೆ ಪಕ್ಕದ ಮನೆಯ ಹುಡುಗಿ, ದಾರಿಯಲ್ಲಿ ಊರುಗೋಲಿನ ಕುಂಟ, ಸದಾ ಹೆದರುವವಳು, ಬಲಹೀನ ಮನಸ್ಸಿನವನು ಎಲ್ಲ ಸೇರಿಕೊಳ್ತಾರೆ. ನಡಿಗೆ ನಿಧಾನ ಆಗುತ್ತೆ. ಇದು ಸವದತ್ತಿಯ ಯಾತ್ರೆಗೆ ಹತ್ತಿರ. ಚಕ್ಕಡಿಯಲ್ಲಿ ಮುದುಕಿಯೂ ಇದ್ದಾಳೆ, ಕೂಸೂ ಇದೆ. ಮಂಕು ಕವಿಯುವ ನೆಲದಲ್ಲಿ ಈ ಗುಂಪಿಗೆ ಇಬ್ಬರು ಯಾತ್ರಿಕರು ಚಪ್ಪರದಲ್ಲಿ ಮಲಗಿರೋದು ಕಾಣುತ್ತೆ. ಅಲುಗಾಡಿಸಿ ಎಬ್ಬಿಸಿದ್ರೆ ಒಬ್ಬ ದುಡ್ಡು ಬಂದ ಮೇಲೆ ಕೊಡ್ತೀನಿ ಅಂತಾನೆ, ಇನ್ನೊಬ್ಬ ಕತ್ತಿ ಹಿಡಿಯೋಕೆ ಆಗೋವರೆಗೂ ಹೋರಾಡ್ತೀನಿ ಅಂತಾನೆ. ಎರಡೂ ನಿದ್ದೆಯ ಮಾತು. ಒಂದು ಮಗು ನಕ್ಕುಬಿಡುತ್ತೆ. ಇಡೀ ಪುಸ್ತಕದಲ್ಲಿ ನನಗೆ ನಿಜಕ್ಕೂ ಚಳಿ ಹುಟ್ಟಿಸಿದ್ದು ಇದೇ ಜಾಗ. ಅವರು ಸುಮ್ಮನೆ ಮಲಗಿಲ್ಲ, ಯಾತ್ರಿಕರ ಭಾಷೆಯಲ್ಲೇ ಮಾತಾಡ್ತಾ ಇದ್ದಾರೆ. ಬೆಳಿಗ್ಗೆ ಐದೂವರೆಗೆ ಸೂರ್ಯೋದಯದ ಚಿತ್ರದ ಮೇಲೆ ವಚನ ಬರೆದು ಮೂರು ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸುವವರು ಎಚ್ಚರ ಇದ್ದಾರೋ ಇಲ್ಲವೋ ಅಂತ ಹೊರಗಿನಿಂದ ಹೇಳೋದು ಹೇಗೆ?

ಬನ್ಯನ್‌ಗೆ ಗೊತ್ತಿದ್ದ ಮದ್ದು ಒಂದೇ, ಅದೂ ಬಹಳ ಸಾದಾ: ಮಾತು. ಆ ನೆಲದಲ್ಲಿ ಕ್ರೈಸ್ತ ಮತ್ತು ಆಶಾವಂತ ಪ್ರಾರ್ಥನೆ ಮಾಡಿ ಎಚ್ಚರ ಉಳಿಸಿಕೊಳ್ಳಲಿಲ್ಲ. ಒಬ್ಬನನ್ನೊಬ್ಬ ಪ್ರಶ್ನೆ ಕೇಳ್ತಾ, ನೀನು ಮೊದಲು ಹೇಗಿದ್ದೆ, ಆಮೇಲೆ ಏನಾಯ್ತು, ಅಷ್ಟಕ್ಕೇ ಯಾಕೆ ಸಮಾಧಾನ ಮಾಡಿಕೊಳ್ಳಲಿಲ್ಲ ಅಂತ ಕೆದಕ್ತಾ ನಡೆದರು. ನೈಟ್ ಬಸ್ಸಿನ ಡ್ರೈವರ್ ಪಕ್ಕ ಕೂತು ಕ್ಲೀನರ್ ಮಾತಾಡಿಸ್ತಾನಲ್ಲ, ಹಾಗೆ. ಆರು ವರ್ಷದಿಂದ ನಮ್ಮದೊಂದು ಸಣ್ಣ ಗುಂಪು ಗುರುವಾರ ಸಂಜೆ ಸೇರುತ್ತೆ. ಬಿರಿಯಾನಿ ಇರುತ್ತೆ, ಪ್ರಾರ್ಥನಾ ಕೋರಿಕೆ ಇರುತ್ತೆ: ವೀಸಾ, ಅಪ್ರೈಸಲ್, ಅಪ್ಪನ ಶುಗರ್. ಕಳೆದ ತಪಸ್ಸು ಕಾಲದಲ್ಲಿ ಒಬ್ಬಳು, ಹೋದ ವಾರ ಪ್ರಾರ್ಥಿಸಿದ ಯಾರಿಗಾದರೂ ನಾವು ಆಮೇಲೆ ಫೋನ್ ಮಾಡಿದ್ವಾ ಅಂತ ಕೇಳಿದ್ಲು. ಯಾರೂ ಉತ್ತರ ಕೊಡಲಿಲ್ಲ, ರಾಯತದ ಪಾತ್ರೆ ಮಾತ್ರ ಕೈಯಿಂದ ಕೈಗೆ ಹೋಯ್ತು. ಮುಂದಿನ ಗುರುವಾರ ಇಬ್ಬರು ಬರಲಿಲ್ಲ. ಅವಳು ಈಗಲೂ ಬರ್ತಾಳೆ, ಈಗಲೂ ಕೇಳ್ತಾಳೆ.

ಪುಸ್ತಕದ ಕೊನೆಯ ಬಗ್ಗೆ ದೊಡ್ಡವ್ವನಿಗೂ ನನಗೂ ಪ್ರತಿ ಸಲ ಜಗಳ. ಸ್ವರ್ಗದ ಪಟ್ಟಣದ ಮುಂದೆ ಒಂದು ಹೊಳೆ, ಸೇತುವೆ ಇಲ್ಲ. ಕ್ರೈಸ್ತ ಅದರಲ್ಲಿ ಮುಳುಗಿ ಎದ್ದು, ನನ್ನ ಕತೆ ಮುಗಿಯಿತು ಅಂತ ಕೂಗಿಕೊಂಡು, ಹೇಗೋ ದಾಟ್ತಾನೆ. ಅವನ ಹಿಂದೆಯೇ ನಡೆದು ಬರ್ತಾ ಇದ್ದ ಅಜ್ಞಾನಿ ಅನ್ನುವ ಹುಡುಗನಿಗೆ ಅಂಬಿಗ ಸಿಗ್ತಾನೆ, ಅವನು ಕಾಲು ನೆನೆಯದ ಹಾಗೆ ಆಚೆ ದಡಕ್ಕೆ ಹೋಗ್ತಾನೆ. ಅಂಬಿಗನ ಹೆಸರು ಹುಸಿ ಭರವಸೆ. ಬಾಗಿಲಲ್ಲಿ ಸುರುಳಿ ಕೇಳ್ತಾರೆ, ಇಲ್ಲ. ಕೈಕಾಲು ಕಟ್ಟಿ, ಗುಡ್ಡದ ಬದಿಯಲ್ಲಿದ್ದ ಒಂದು ಬಾಗಿಲಿನಿಂದ ನರಕಕ್ಕೆ ತಳ್ತಾರೆ. ತುತ್ತೂರಿ, ಕಿರೀಟ, ಹಾಡು ಎಲ್ಲ ಆದಮೇಲೆ ಬನ್ಯನ್ ಬೇಕಂತಲೇ ಹಿಂತಿರುಗಿ ನೋಡಿ ಬರೆಯೋದು ಇದನ್ನ, ಕಟ್ಟಕಡೆಗೆ. ಆಮೇಲೆ ಎಚ್ಚರ ಆಗುತ್ತೆ, ಇಷ್ಟೂ ಅವನು ಕಂಡ ಕನಸು.

ನಾನು ಅದನ್ನು ಸಮರ್ಥಿಸ್ತೀನಿ. ಇಲ್ಲಿ ಹೊಳೆ ಸಲೀಸಾಗಿ ದಾಟಿದವನೇ ಅಪಾಯದಲ್ಲಿದ್ದವನು, ಇಡೀ ಪುಸ್ತಕ ಈ ಪುಟಕ್ಕಾಗಿಯೇ ಇದೆ, ಇದನ್ನು ತೆಗೆದರೆ ಉಳಿಯೋದು ಬರೀ ಜಾತ್ರೆಯ ಸಿನಿಮಾ ಅಂತೀನಿ. ದೊಡ್ಡವ್ವ ಕನ್ನಡಕ ತೆಗೆದು ಸೆರಗಿನಿಂದ ಒರೆಸ್ತಾಳೆ.

"ಅದೆಲ್ಲಾ ಖರೆ ಯವ್ವಾ. ಆದ್ರ ಆ ಹುಡುಗ ಅಷ್ಟು ದೂರ ಅವರ ಹಿಂದಿಂದ ನಡಕೊಂತ ಬಂದಾನ. ನಿಮ್ಮಷ್ಟು ಜೋರ ನಡ್ಯಾಕ ನನಗ ಆಗಂಗಿಲ್ಲ, ನೀವು ಮುಂದ ಹೋಗ್ರಿ ಅಂತಾನ. ಇವ್ರು ಹೊಂಟ ಬಿಟ್ರಲ್ಲ! ಒಂದೀಟು ನಿಧಾನ ನಡದಿದ್ರ ಇವ್ರದೇನ್ ಗಂಟು ಹೋಗ್ತಿತ್ತು?"

ಅವರು ಅವನ ಜೊತೆ ಎರಡು ಸಲ ಮಾತಾಡಿ ನೋಡಿದ್ದರು, ಅವನೇ ಒಪ್ಪಲಿಲ್ಲ ಅಂತ ನಾನು ಪುಟ ತೆಗೆದು ತೋರಿಸಿದೆ. ದೊಡ್ಡವ್ವ ನೋಡಲಿಲ್ಲ. "ಎರಡ ಸಲ," ಅಂದ್ಲು, ಅಷ್ಟೇ. ಆಮೇಲೆ ಎದ್ದು ಚಪ್ಪಲಿ ಮೆಟ್ಟಿಕೊಂಡ್ಲು. ಚರ್ಚಿಗೆ ಬರೋದು ಬಿಟ್ಟು ಮೂರು ವರ್ಷ ಆದ ಒಬ್ಬಾಕೆ ಹಿಂದಿನ ಓಣಿಯಲ್ಲಿದ್ದಾಳೆ. ಪ್ರತಿ ಶುಕ್ರವಾರ ಅವಳ ಬಿ.ಪಿ. ನೋಡೋಕೆ ಹೋಗ್ತಾಳೆ, ಹೋದಾಗಲೆಲ್ಲ ಜಗಳ ಆಡಿಕೊಂಡೇ ಬರ್ತಾಳಂತೆ.